ತಂಗಿ ಯಂತ್ರಕ್ಕೆ ಕಲಿಸಿದ್ದು

ನಾನು ಬಾಳೂರಿನ ಕಡೆಯ ಒಂದು ಹೈಸ್ಕೂಲಿನಲ್ಲಿ ಕನ್ನಡ ಟೀಚರು. ನಲವತ್ತು ದಾಟುವ ಹೊತ್ತಿಗೆ ನನಗೆ ಕಿವಿ ಕೇಳಿಸುವುದು ಕಡಿಮೆಯಾಗುತ್ತಾ ಬಂತು. ಅದು ನನಗೆ ಸರಿಯಾಗಿ ಗೊತ್ತಾದದ್ದು ತರಗತಿಯಲ್ಲಿ. ಒಂದು ದಿನ ಎಂಟನೇ ಕ್ಲಾಸಿನ ಹುಡುಗಿಯೊಬ್ಬಳು ಎದ್ದು ನಿಂತು ಏನೋ ಹೇಳಿದಳು. ಮುಂದಿನ ಪ್ಯಾರಾ ಓದಲಾ ಅಂತ ಕೇಳುತ್ತಿದ್ದಾಳೆ ಅಂದುಕೊಂಡು "ಹ್ಞೂಂ, ಓದು" ಅಂದೆ. ಅವಳು ಇನ್ನೊಮ್ಮೆ ಹೇಳಿದಳು. "ಓದು ಅಂದೆನಲ್ಲ" ಅಂದೆ, ಸ್ವಲ್ಪ ಗಟ್ಟಿಯಾಗಿಯೇ. ಅವಳು ಪುಸ್ತಕ ತೆಗೆದು ಓದತೊಡಗಿದಳು. ಓದುತ್ತಲೇ ಅವಳ ಕಣ್ಣಿಂದ ನೀರು ಇಳಿಯುತ್ತಿತ್ತು. ಪಕ್ಕದಲ್ಲಿ ಕೂತಿದ್ದವಳು ಎದ್ದು ಬಂದು ನನ್ನ ಕಿವಿಗೆ ಬಾಯಿಟ್ಟು ಹೇಳಿದಳು: "ಟೀಚರ್, ಅವಳಿಗೆ ಹೊಟ್ಟೆನೋವಂತೆ. ಮನೆಗೆ ಹೋಗ್ಲಾ ಅಂತ ಕೇಳ್ತಿದ್ದಾಳೆ."

ಮಂಗಳೂರಿನ ಡಾಕ್ಟರು ಪರೀಕ್ಷೆ ಮಾಡಿ, ನರದ ತೊಂದರೆ, ಇನ್ನೂ ಕಡಿಮೆಯಾಗುತ್ತಾ ಹೋಗುತ್ತದೆ, ಆಪರೇಷನ್ನಿನಿಂದ ಪ್ರಯೋಜನವಿಲ್ಲ ಅಂದರು. ಕಿವಿಗೆ ಮೆಷೀನು ಹಾಕಿಸಿಕೊಂಡೆ. ಅದು ಮಕ್ಕಳ ಮಾತನ್ನು ದೊಡ್ಡದು ಮಾಡುವ ಹಾಗೆಯೇ ಬೆಂಚು ಎಳೆಯುವ ಸದ್ದನ್ನೂ, ಶೀಟಿನ ಮೇಲೆ ಬೀಳುವ ಮಳೆಯ ಸದ್ದನ್ನೂ ದೊಡ್ಡದು ಮಾಡುತ್ತಿತ್ತು. ಜೂನ್ ತಿಂಗಳಿಂದ ಸೆಪ್ಟೆಂಬರಿನವರೆಗೆ ನನ್ನ ತಲೆಯೊಳಗೆ ಯಾರೋ ತಗಡು ಬಡಿದ ಹಾಗೆ. ಮಕ್ಕಳು ಪ್ರಶ್ನೆ ಕೇಳುವುದನ್ನೇ ಬಿಟ್ಟರು. ಪಾಪ, ನನಗೆ ಮುಜುಗರ ಆಗಬಾರದು ಅಂತ. ಹೆಡ್‌ಮಾಸ್ಟರು ಒಂದೆರಡು ಸಲ ಮೆತ್ತಗೆ ಹೇಳಿದರು, "ಆರೋಗ್ಯ ನೋಡ್ಕೊಳ್ಳಿ ಟೀಚರೇ. ಸ್ವಯಂ ನಿವೃತ್ತಿ ತಗೊಳ್ಳೋದೂ ಒಂದು ದಾರಿ ಅಲ್ವಾ." ಅವರು ಕೆಟ್ಟವರಲ್ಲ. ಆದರೆ ನಾನು ಮದುವೆಯಾದವಳಲ್ಲ, ಪಾಠ ಬಿಟ್ಟರೆ ಬೆಳಿಗ್ಗೆ ಎದ್ದು ಎಲ್ಲಿಗೆ ಹೋಗಬೇಕು ಅನ್ನುವುದೇ ನನಗೆ ಗೊತ್ತಿರಲಿಲ್ಲ.

ನನಗಿರುವವಳು ಒಬ್ಬಳೇ ತಂಗಿ. ನನಗಿಂತ ತುಂಬ ಚಿಕ್ಕವಳು. ಅಪ್ಪ ಒಂದು ಎಸ್ಟೇಟಿನಲ್ಲಿ ಲೆಕ್ಕ ಬರೆಯುವ ರೈಟರಾಗಿದ್ದರು. ಅವರು ತೀರಿಕೊಂಡಾಗ ಅವಳಿನ್ನೂ ಪ್ರೈಮರಿಯಲ್ಲಿದ್ದಳು. ಆಮೇಲೆ ಅವಳನ್ನು ಓದಿಸಿದ್ದು, ಮದುವೆ ಮಾಡಿದ್ದು ನಾನೇ. ಅವಳ ಗಂಡ ಕಳಸದವನು. ಪ್ರವಾಸಿಗಳನ್ನು ಗುಡ್ಡಕ್ಕೆ ಕರೆದುಕೊಂಡು ಹೋಗುವ ಜೀಪು ಓಡಿಸುತ್ತಾನೆ. ಮಗಳು ಹುಟ್ಟಿದ ಮೇಲೆ ಮೂಡಿಗೆರೆಯಲ್ಲಿ ನಾನಿರುವ ಮನೆಯ ಹಿಂದಿನ ಭಾಗಕ್ಕೇ ಅವರು ಬಂದು ಸೇರಿಕೊಂಡರು. ಅಡುಗೆ ಒಂದೇ ಒಲೆಯಲ್ಲಿ.

ಮೂಡಿಗೆರೆ ಪೇಟೆಯಲ್ಲಿ ಒಂದು ಹಾರ್ಡ್‌ವೇರ್ ಅಂಗಡಿಯ ಮಹಡಿಯ ಮೇಲೆ ಕಂಪ್ಯೂಟರ್ ಕೆಲಸದ ಆಫೀಸೊಂದು ಶುರುವಾಯಿತು. ಡಿಗ್ರಿ ಮಾಡಿಕೊಂಡು ಮನೆಯಲ್ಲಿದ್ದ ಹೆಣ್ಣುಮಕ್ಕಳೇ ಹೆಚ್ಚಾಗಿ ಸೇರಿದರು. ಎಸ್ಟೇಟ್ ಕೂಲಿಯವರ ಲೈನ್ ಮನೆಗಳಿಂದ ಬಸ್ಸು ಹಿಡಿದು ಬರುವ ಹುಡುಗಿಯರೂ ಇದ್ದರು. ತಂಗಿಯೂ ಸೇರಿದಳು. ಮೊದಲಿಗೆ ಅವಳಿಗೆ ಸಿಕ್ಕಿದ್ದು ಕಿವಿಗೆ ಹೆಡ್‌ಫೋನ್ ಹಾಕಿಕೊಂಡು ಯಾರ್‍ಯಾರದೋ ಕನ್ನಡ ಮಾತು ಕೇಳುವುದು, ಯಂತ್ರ ಅದನ್ನು ತಪ್ಪಾಗಿ ಬರೆದಿದ್ದರೆ ತಿದ್ದುವುದು. ಸಂಜೆ ಬಂದು ಊಟಕ್ಕೆ ಕೂತಾಗ ಆ ತಪ್ಪುಗಳನ್ನು ನನ್ನ ಕಿವಿಯ ಹತ್ತಿರ ಹೇಳಿ ನಗಿಸುತ್ತಿದ್ದಳು. ನಮ್ಮ ಕಡೆಯವರು "ಹೋಗ ಮಾರಾಯ" ಅಂದರೆ ಅದು "ಹೋಗಿ ಮಾರಾಟ" ಅಂತ ಬರೆಯುತ್ತಿತ್ತಂತೆ.

"ಅದಕ್ಕೆ ಬೆಂಗಳೂರು ಕನ್ನಡ ಮಾತ್ರ ಬರೋದು ಅಕ್ಕ. ನಮ್ಮ ಭಾಷೆ ನಾವೇ ಕಲಿಸ್ಬೇಕು" ಅನ್ನುವಳು. ನನ್ನ ವೃತ್ತಿಯನ್ನೇ ತಾನೂ ಮಾಡುತ್ತಿದ್ದೇನೆ ಅನ್ನುವ ಹೆಮ್ಮೆ ಅವಳಿಗೆ.

ಒಂದು ಭಾನುವಾರ ನನ್ನ ಫೋನು ಇಸಿದುಕೊಂಡು, ತಾವು ತಿದ್ದಿ ಕಲಿಸುತ್ತಿದ್ದ ಯಂತ್ರದ ಆಪ್ ಹಾಕಿ, ಅದನ್ನು ಊಟದ ಮೇಜಿನ ಮೇಲೆ ನೀರಿನ ಚೊಂಬಿಗೆ ಒರಗಿಸಿ ನಿಲ್ಲಿಸಿದಳು. ಏನೋ ಮಾತಾಡಿದಳು. ಪರದೆಯ ಮೇಲೆ ಒಂದೊಂದೇ ಪದ ಮೂಡಿತು: ಅಕ್ಕ ಇವತ್ತು ಸಾರಿಗೆ ಉಪ್ಪು ಜಾಸ್ತಿ ಹಾಕಿದ್ದೀಯ.

ನಾನು ನಕ್ಕೆ. ಆಮೇಲೆ ಅಳು ಬಂತು. ಎಷ್ಟು ವರ್ಷದಿಂದ ನನ್ನ ಸಾರಿಗೆ ಉಪ್ಪು ಜಾಸ್ತಿಯಾಗಿತ್ತೋ, ನನಗೆ ಹೇಳಲು ಕೂಗಬೇಕಲ್ಲ ಅಂತ ಎಲ್ಲರೂ ಸುಮ್ಮನೆ ಉಂಡೆದ್ದಿದ್ದರು.

ಮರುದಿನದಿಂದ ಫೋನು ತರಗತಿಯ ಮೇಜಿಗೆ ಬಂತು. ನನಗೆ ಆದದ್ದನ್ನು ಸಣ್ಣದು ಮಾಡಿ ಹೇಳಲಾರೆ. ಮಕ್ಕಳು ಫೋನಿಗೆ ಕೇಳುವ ಹಾಗೆ ಮಾತಾಡಲು ಪೈಪೋಟಿ ಮಾಡಿದರು. ಅದು ತಪ್ಪು ಬರೆದರೆ ನಾನೇ ಓದಿ ಹೇಳುತ್ತಿದ್ದೆ, ಇಡೀ ಕ್ಲಾಸು ನಗುತ್ತಿತ್ತು. ಹಿಂದಿನ ಬೆಂಚಿನ ಪಿಸುಮಾತು ಕೂಡ ಒಮ್ಮೊಮ್ಮೆ ಬಂದುಬಿಡುತ್ತಿತ್ತು. "ಟೀಚರ್ ಸೀರೆ ಚಂದ ಉಂಟು ಮಾರಾಯ್ತಿ" ಅಂತ ಒಮ್ಮೆ ಬಂತು. ನಾನು ತಲೆಯೆತ್ತಿ "ಥ್ಯಾಂಕ್ಸ್" ಅಂದಾಗ ಆ ಮಕ್ಕಳ ಮುಖ ನೋಡಬೇಕಿತ್ತು. ಹೆಡ್‌ಮಾಸ್ಟರು ನಿವೃತ್ತಿಯ ಮಾತು ಬಿಟ್ಟರು. ಹತ್ತನೇ ಕ್ಲಾಸಿನ ಮಕ್ಕಳು ವ್ಯಾಕರಣದಲ್ಲಿ ಸಂಶಯ ಕೇಳಲು ಮತ್ತೆ ಸ್ಟಾಫ್ ರೂಮಿಗೆ ಬರತೊಡಗಿದರು. ಹೋದ ಕೆಲಸ ನನಗೆ ವಾಪಸು ಬಂದಿತ್ತು.

ಆ ವರ್ಷ ಕಾಫಿ ಹಣ್ಣು ಕುಯ್ಯುವ ಹೊತ್ತಿಗೆ ತಂಗಿಯನ್ನು ಆಫೀಸಿನ ಬೇರೆ ಕೋಣೆಗೆ ಹಾಕಿದರು. ಸಂಬಳ ಸ್ವಲ್ಪ ಏರಿತು. ಕೋಣೆಯ ಬಾಗಿಲಿಗೆ ಬೀಗ, ಒಳಗೆ ಫೋನು ತೆಗೆದುಕೊಂಡು ಹೋಗುವ ಹಾಗಿಲ್ಲ. ಅಲ್ಲಿ ನೋಡಿದ್ದನ್ನು ಮನೆಯಲ್ಲೂ ಹೇಳುವುದಿಲ್ಲ ಅಂತ ಸಹಿ ಹಾಕಿಸಿಕೊಂಡಿದ್ದರು.

"ಅಂಥದ್ದು ಎಂತ ಕೆಲಸ?" ಅಂತ ಕೇಳಿದೆ.

"ವಿಡಿಯೋ ನೋಡೋದು ಅಕ್ಕ. ಯಾವುದು ಕೆಟ್ಟದ್ದು, ಎಷ್ಟು ಕೆಟ್ಟದ್ದು ಅಂತ ಗುರುತು ಹಾಕೋದು. ನಾವು ಹಾಕಿದ್ದು ನೋಡಿ ನೋಡಿ ಯಂತ್ರ ಕಲೀತದೆ. ಆಮೇಲೆ ಅದೇ ಹಿಡಿದು ತೆಗೆದುಹಾಕ್ತದೆ. ಜನ ನೋಡೋ ಮೊದ್ಲೇ."

"ಕೆಟ್ಟದ್ದು ಅಂದ್ರೆ?"

ಅವಳು ಮಗಳ ಜಡೆ ಹಾಕುತ್ತಿದ್ದಳು. "ಕೆಟ್ಟದ್ದು ಅಂದ್ರೆ ಕೆಟ್ಟದ್ದು" ಅಂತ ಪರದೆಯ ಮೇಲೆ ಬಂತು. ಅಷ್ಟೇ.

ಊಟದ ಹೊತ್ತಿನ ನಗು ನಿಂತದ್ದು ಮೊದಲು. ಆಮೇಲೆ ಅವಳು ಕೋಳಿ ಮುಟ್ಟುವುದನ್ನು ಬಿಟ್ಟಳು. ಗಂಡ ತಂದ ಮಾಂಸವನ್ನು ನಾನೇ ತೊಳೆಯುತ್ತಿದ್ದೆ, ಅವಳು ಅಂಗಳಕ್ಕೆ ಹೋಗಿ ನಿಲ್ಲುತ್ತಿದ್ದಳು. ವ್ರತವೇನಾದರೂ ಹಿಡಿದಿದ್ದಾಳೋ ಏನೋ ಅಂದುಕೊಂಡೆವು. ಮಗಳು ಆಗ ಯುಕೆಜಿ. ದಿನಾ ಆಟೋದಲ್ಲಿ ಹೋಗುತ್ತಿದ್ದ ಮಗುವನ್ನು ಅವಳು ಒಂದು ಬೆಳಿಗ್ಗೆ ಆಟೋದಿಂದ ಇಳಿಸಿಕೊಂಡಳು. ಆ ಡ್ರೈವರು ನಮ್ಮ ಬೀದಿಯವರೇ, ಮೊಮ್ಮಕ್ಕಳಿರುವವರು. "ನಾನೇ ನಡೆಸಿಕೊಂಡು ಹೋಗ್ತೀನಿ" ಅಂದಳಂತೆ. ಅವರು ಸಂಜೆ ಮನೆಗೆ ಬಂದು ನಿಂತರು. "ಟೀಚರಮ್ಮ, ನನ್ನಿಂದ ಎಂತ ತಪ್ಪಾಯ್ತು?" ಅಂತ ಕೇಳಿದರು.

ನನಗೆ ಭಯ ಹುಟ್ಟಿದ್ದು ಇನ್ನೊಂದು ದಿನ. ಭಾನುವಾರ ಬೆಳಿಗ್ಗೆ ಅವಳ ಗಂಡ ಮಗುವಿಗೆ ಸ್ನಾನ ಮಾಡಿಸುತ್ತಿದ್ದ. ಮಗು ಹುಟ್ಟಿದಾಗಿನಿಂದ ಭಾನುವಾರದ ಸ್ನಾನ ಅವನದೇ. ಇವಳು ಓಡಿಬಂದು, ಸೋಪಿನ ನೊರೆಯಲ್ಲಿದ್ದ ಮಗುವನ್ನು ಎಳೆದು ಎತ್ತಿಕೊಂಡು ಕೋಣೆಗೆ ಹೋಗಿ ಚಿಲಕ ಹಾಕಿಕೊಂಡಳು. ಮಗು ಚಳಿಗೋ ಹೆದರಿಕೆಗೋ ಕಿರುಚಿತು, ಅದು ನನಗೂ ಕೇಳಿಸಿತು. ಅವನು ಒದ್ದೆ ಕೈಯಲ್ಲೇ ನನ್ನ ಹತ್ತಿರ ಬಂದು ಫೋನಿನ ಮುಂದೆ ಕೂತ.

"ಅತ್ತಿಗೆ, ನಾನು ಎಂತ ಮಾಡಿದೆ? ನನ್ನ ಮಗಳಿಗೆ ನಾನು ನೀರು ಹುಯ್ಯೋ ಹಾಗಿಲ್ವಾ? ಅವಳು ನನ್ನನ್ನ ಹೇಗೆ ನೋಡ್ತಾಳೆ ಗೊತ್ತುಂಟಾ ನಿಮಗೆ?"

ಫೋನು ಒಂದಕ್ಷರ ತಪ್ಪಿಲ್ಲದೆ ಬರೆಯಿತು. ನಾನು ಅವನ ಬೆನ್ನ ಮೇಲೆ ಕೈಯಿಟ್ಟೆ. ಅವನು ಹಾಗೇ ಬಗ್ಗಿ ಕೂತಿದ್ದ.

ಕೆಲಸ ಬಿಟ್ಟುಬಿಡು ಅಂತ ಅವಳಿಗೆ ಹೇಳಿದೆ. ಬೈದೂ ಹೇಳಿದೆ. ಅವಳು ನಿಧಾನವಾಗಿ, ನನ್ನ ಕಣ್ಣಿಗೆ ತುಟಿ ಕಾಣುವ ಹಾಗೆ ಹೇಳಿದಳು: "ನಾನು ಎದ್ರೆ ಆ ಕುರ್ಚಿಗೆ ಇನ್ನೊಬ್ಬಳು ಬರ್ತಾಳೆ. ಲೈನ್ ಮನೆ ಹುಡುಗಿ, ಇನ್ನೂ ಮದುವೆ ಆಗದವಳು, ಪಕ್ಕದ ಕೋಣೇಲಿ ಕಾಯ್ತಾ ಇದ್ದಾಳೆ. ಅವಳು ನೋಡ್ಬೇಕಾ ಅಕ್ಕ?"

ಆಫೀಸಿನವರು ಏನೂ ಮಾಡಲಿಲ್ಲ ಅಂತಲ್ಲ. ಮನಸ್ಸಿಗೆ ಕಷ್ಟವಾದರೆ ಮಾತಾಡಿ ಅಂತ ಎಲ್ಲರ ಫೋನಿಗೂ ಒಂದು ಆಪ್ ಹಾಕಿಕೊಟ್ಟಿದ್ದರು. ಆ ಕಡೆ ಮನುಷ್ಯರಿಲ್ಲ, ಅದೂ ಯಂತ್ರವೇ. ತಂಗಿ ಒಮ್ಮೆ ನನಗೆ ತೋರಿಸಿದಳು. ಅವಳು ಬರೆದಿದ್ದಳು: "ನನಗೆ ನನ್ನ ಮಗಳ ಮುಖ ನೋಡಿದರೆ ಬೇರೆ ಮಕ್ಕಳು ಕಾಣುತ್ತವೆ." ಅದು ಉತ್ತರ ಕೊಟ್ಟಿತ್ತು: "ನಿಮಗೆ ಕಷ್ಟವಾಗುತ್ತಿರುವುದು ನನಗೆ ಅರ್ಥವಾಗುತ್ತದೆ. ಈಗ ಕಣ್ಣು ಮುಚ್ಚಿ ದೀರ್ಘವಾಗಿ ಉಸಿರು ತೆಗೆದುಕೊಳ್ಳಿ."

"ಕಣ್ಣು ಮುಚ್ಚಿದ್ರೇ ಅಲ್ವಾ ಕಾಣೋದು" ಅಂದಳು ತಂಗಿ.

ಅವಳ ಅತ್ತೆಗೆ ಸುದ್ದಿ ಹೋಯಿತು. ಅವರು ಹಳೇ ಕಾಲದವರು, ಸೊಸೆಗೆ ಏನೋ ತಾಗಿದೆ ಅಂದುಕೊಂಡು ದೇವರಮನೆ ಅನ್ನುವ ಊರಿನ ದೇವಸ್ಥಾನಕ್ಕೆ ಹರಕೆ ಹೊತ್ತರು. ಒಂದು ದಿನ ಎಲ್ಲರೂ ಜೀಪಿನಲ್ಲಿ ಹೋದೆವು. ಪೂಜೆ ಮುಗಿಯಿತು. ಅತ್ತೆ ಕಟ್ಟಿಕೊಂಡು ಬಂದಿದ್ದ ಕಡುಬು ಬಿಚ್ಚುತ್ತಿದ್ದರು, ಮಗು ಅಪ್ಪನ ಕೈ ಹಿಡಿದು ದೇವಸ್ಥಾನದ ಕೆರೆಯ ಹತ್ತಿರ ಓಡಾಡುತ್ತಿತ್ತು. ತಂಗಿ ನನ್ನ ಸೆರಗು ಹಿಡಿದು ಗುಡ್ಡದ ಕಡೆ ಕರೆದಳು. ಮೇಲೆ ಹುಲ್ಲಿನಲ್ಲಿ ಕೂತೆವು. ಗಾಳಿ ಜೋರಾಗಿತ್ತು, ಕೆಳಗಿನಿಂದ ಮಂಜು ಬಂದು ಬಂದು ಹೋಗುತ್ತಿತ್ತು.

ನಾನು ಅಭ್ಯಾಸದಂತೆ ಫೋನು ತೆಗೆದೆ. ಅವಳು ಅದನ್ನು ಕಸಿದುಕೊಂಡು ಆಫ್ ಮಾಡಿ ನನ್ನ ಚೀಲದೊಳಗೆ ಹಾಕಿದಳು. ಕಿವಿಯ ಮೆಷೀನನ್ನೂ ತೆಗೆ ಅಂತ ಸನ್ನೆ ಮಾಡಿದಳು. ತೆಗೆದೆ. ಅವಳು ನನ್ನ ಅಂಗೈ ಬಿಡಿಸಿ ಬೆರಳಿನಲ್ಲಿ ಬರೆದಳು. ಅವಳು ಚಿಕ್ಕವಳಿದ್ದಾಗ ನಾನು ಅವಳಿಗೆ ಅಕ್ಷರ ಕಲಿಸಿದ್ದು ಹಾಗೆಯೇ. "ನಿನಗೆ ಕೇಳಬಾರದು" ಅಂತ ಬರೆದಳು. ಆಮೇಲೆ, "ಆದರೆ ನಾನು ಹೇಳಬೇಕು."

ಮುಖ ಆಚೆ ತಿರುಗಿಸಿಕೊಂಡು ಅವಳು ಮಾತಾಡಿದಳು. ತುಂಬ ಹೊತ್ತು. ನನಗೆ ಒಂದು ಸದ್ದೂ ಇಲ್ಲ. ಅವಳ ಕತ್ತಿನ ನರ ಎದ್ದು ಬೀಳುವುದು, ಭುಜ ನಡುಗುವುದು ಕಾಣುತ್ತಿತ್ತು. ಒಂದೆರಡು ಸಲ ಈ ಕಡೆ ತಿರುಗಿದಾಗ ತುಟಿಯ ಮೇಲೆ ಕೆಲವು ಪದ ಸಿಕ್ಕವು. ಸಿಗದೇ ಇದ್ದಿದ್ದರೆ ಚೆನ್ನಾಗಿತ್ತು. "ಚಿಕ್ಕ" ಅನ್ನುವುದೊಂದು. "ಅವಳ ಅಪ್ಪನೇ" ಅನ್ನುವುದೊಂದು. ಅವನ್ನು ಜೋಡಿಸಬಾರದು ಅಂತ ನಾನು ಹುಲ್ಲು ಕೀಳುತ್ತಾ ಕೂತೆ. ಮುಗಿದ ಮೇಲೆ ಅವಳು ನನ್ನ ಮಡಿಲಲ್ಲಿ ತಲೆಯಿಟ್ಟಳು. ಕೆಳಗಿನಿಂದ ಅವಳ ಗಂಡ ಊಟಕ್ಕೆ ಬನ್ನಿ ಅಂತ ಕೈ ಬೀಸುತ್ತಿದ್ದ.

ಎರಡು ಮೂರು ದಿನ ಅವಳು ಹಗುರಾದ ಹಾಗೆ ಕಂಡಳು. ಮಗುವನ್ನು ಅಪ್ಪನ ಜೊತೆ ಅಂಗಡಿಗೂ ಕಳಿಸಿದಳು. ಅತ್ತೆ ಹರಕೆ ಫಲಿಸಿತು ಅಂದರು. ನಾನೂ ಬೇರೆ ಥರದಲ್ಲಿ ಹಾಗೇ ನಂಬಿಕೊಂಡೆ, ಹೇಳಿಕೊಂಡರೆ ಕಡಿಮೆಯಾಗುತ್ತದೆ ಅಂತ. ಆದರೆ ಅವಳು ಮತ್ತೆ ಅದೇ ಕೋಣೆಗೆ ಹೋಗಿ ಕೂರುತ್ತಿದ್ದಳಲ್ಲ. ಆ ವಾರ ಕಳೆಯುವುದರೊಳಗೆ ಮೊದಲಿಗಿಂತ ಹೆಚ್ಚಾಯಿತು. ಮಗುವನ್ನು ಸ್ಕೂಲಿಗೆ ಕಳಿಸುವುದನ್ನೇ ನಿಲ್ಲಿಸಿದಳು. ಅಲ್ಲಿ ಒಬ್ಬರು ಮೇಷ್ಟ್ರು ಇದ್ದರು ಅನ್ನುವುದೇ ಕಾರಣ.

ಚಿಕ್ಕಮಗಳೂರಿನಲ್ಲಿ ಮಾನಸಿಕ ಡಾಕ್ಟರಿಗೆ ತೋರಿಸಿದೆವು. ಅವರು ತಾಳ್ಮೆಯಿಂದ ನೋಡಿದರು, ಮಾತ್ರೆ ಕೊಟ್ಟರು, ಮೊದಲು ಕೆಲಸ ಬಿಡಿಸಿ ಅಂದರು. ಬಿಡಿಸುವ ಕಷ್ಟ ನಮಗೆ ಬರಲಿಲ್ಲ. ಅಷ್ಟರಲ್ಲಿ ಆಫೀಸಿನವರೇ ಆ ಕೋಣೆ ಮುಚ್ಚಿದರು. ಯಂತ್ರ ಕಲಿತು ಮುಗಿಸಿತ್ತು. ಇನ್ನು ಅದಕ್ಕೆ ಇವರು ತೋರಿಸಿಕೊಡುವುದು ಬೇಕಿರಲಿಲ್ಲ. ಎಲ್ಲರನ್ನೂ ಕೂರಿಸಿ, ನಿಮ್ಮ ಕೆಲಸ ಬಹಳ ಚೆನ್ನಾಗಿತ್ತು, ಲೋಕದ ಮಕ್ಕಳಿಗೆ ಉಪಕಾರ ಮಾಡಿದ್ದೀರಿ ಅಂತ ಹೇಳಿ, ಕೇಕು ಕೊಟ್ಟು ಕಳಿಸಿದರು.

ನಾನು ಆ ಆಫೀಸಿಗೆ ಹೋದೆ. ಜಗಳ ಮಾಡಲು ಹೋದದ್ದು. ಮ್ಯಾನೇಜರು ಅಂದರೆ ನನ್ನ ಹಳೇ ವಿದ್ಯಾರ್ಥಿಗಳ ವಯಸ್ಸಿನವನು. ಕುರ್ಚಿ ಎಳೆದು ಕೂರಿಸಿದ, ನೀರು ಕೊಟ್ಟ. ತಂಗಿಯ ಚಿಕಿತ್ಸೆಗೆ ಯಾರು ಹೊಣೆ ಅಂತ ಕೇಳಿದೆ. ಅವನು ನನ್ನ ಫೋನಿನ ಕಡೆ ಬಗ್ಗಿ ಮಾತಾಡಿದ.

"ಮೇಡಂ, ನಮಗೆ ಕೆಲಸ ಬರೋದು ಬೆಂಗಳೂರಿನ ಒಬ್ಬರಿಂದ. ಅವರಿಗೆ ಎಲ್ಲಿಂದ ಬರ್ತದೆ ಅಂತ ನನಗೆ ಗೊತ್ತಿಲ್ಲ. ಕೇಳುವ ಹಾಗೂ ಇಲ್ಲ. ಇಷ್ಟು ಹುಡುಗಿಯರಿಗೆ ಊರಲ್ಲೇ ಕೆಲಸ ಆಯ್ತಲ್ಲ ಅಂತ ನಾನೂ ಖುಷಿಪಟ್ಟವನೇ."

ಆಮೇಲೆ ಇನ್ನೊಂದು ಸಾಲು ಮೂಡಿತು: "ಮೊದಮೊದಲು ಚೆಕ್ ಮಾಡ್ಲಿಕ್ಕೆ ನಾನೂ ನೋಡ್ತಿದ್ದೆ ಮೇಡಂ. ಆಮೇಲೆ ಆಗ್ಲಿಲ್ಲ."

ಅವನ ಮೇಲೆ ಕೂಗಲು ನನ್ನಿಂದಾಗಲಿಲ್ಲ. ಎದ್ದು ಬಂದೆ. ಮೆಟ್ಟಿಲ ಕೆಳಗೆ ಹಾರ್ಡ್‌ವೇರ್ ಅಂಗಡಿಯವರು ಪೈಪು ಇಳಿಸುತ್ತಿದ್ದರು.

ಮಗುವಿನ ಓದು ನಿಂತುಹೋಗಬಾರದಲ್ಲ. ಅವಳ ಗಂಡ ಮಗುವನ್ನು ಕಳಸಕ್ಕೆ, ತನ್ನ ತಾಯಿಯ ಮನೆಗೆ ಕರೆದುಕೊಂಡು ಹೋದ. ಅವನೂ ಅಲ್ಲೇ ಉಳಿದ. ಅವನು ನಿರ್ದಯಿ ಅಲ್ಲ. ಬಟ್ಟೆ ತುಂಬಿಕೊಳ್ಳುವಾಗ ಅವಳ ಮಾತ್ರೆಗಳನ್ನು ಬೆಳಿಗ್ಗೆಯದು, ಸಂಜೆಯದು ಅಂತ ಬೇರೆ ಬೇರೆ ಡಬ್ಬಿಗೆ ಹಾಕಿಟ್ಟು ಹೋದ. ತಂಗಿ ತಡೆಯಲಿಲ್ಲ. "ನನ್ನ ಹತ್ರ ಇದ್ರೆ ಅವಳೂ ಹೆದರೋದನ್ನ ಕಲೀತಾಳೆ" ಅಂದಳು.

ಅವರು ಹೋದ ಮೇಲೆ ಕೆಲವು ದಿನ ನಾನು ಶಾಲೆಯಲ್ಲಿ ಫೋನು ಹೊರಗೆ ತೆಗೆಯಲಿಲ್ಲ. ತೆಗೆಯಲು ಕೈ ಬರಲಿಲ್ಲ. ಅದು ಬೇರೆ, ತಂಗಿ ನೋಡಿದ್ದು ಬೇರೆ ಅಂತ ನನಗೆ ಗೊತ್ತಿತ್ತು. ಆದರೂ ಒಂದೇ ಮಹಡಿ, ಒಂದೇ ಬಾಗಿಲು, ಪಕ್ಕಪಕ್ಕದ ಕೋಣೆ. ನನ್ನ ಕ್ಲಾಸು ಹಳೇ ಸ್ಥಿತಿಗೆ ಹೋಯಿತು. ಮಕ್ಕಳು ಕೈಯೆತ್ತುವರು, ನಾನು ಹತ್ತಿರ ಹೋಗಿ ಬಗ್ಗುವೆನು, ಅವರು ಕೂಗುವರು, ನಾನು ಇನ್ನೇನೋ ಹೇಳುವೆನು. ಒಂದು ಸಂಜೆ ತಂಗಿ ಕೇಳಿದಳು, "ಫೋನ್ ಯಾಕೆ ಬ್ಯಾಗಲ್ಲೇ ಇರ್ತದೆ ಈಗ?" ನಿಜ ಹೇಳಿದೆ.

ಅವಳಿಗೆ ಸಿಟ್ಟು ಬಂತು. ಕಾಯಿಲೆಯಾದ ಮೇಲೆ ಅವಳ ಮುಖದಲ್ಲಿ ನಾನು ಸಿಟ್ಟು ಕಂಡದ್ದು ಅದೊಂದೇ ಸಲ. ಫೋನನ್ನು ತೆಗೆದು ನನ್ನ ಮುಂದೆ ಕುಕ್ಕಿ ಹೇಳಿದಳು: "ನೀನು ಬಿಟ್ರೆ ನಾನು ನೋಡಿದ್ದು ನೋಡದ ಹಾಗೆ ಆಗ್ತದಾ? ಎರಡೂ ಕಡೆ ಯಾಕೆ ಹಾಳಾಗ್ಬೇಕು? ಹೋಗಿ ಪಾಠ ಮಾಡು."

ಮರುದಿನ ತೆಗೆದುಕೊಂಡು ಹೋದೆ. ಈಗಲೂ ತೆಗೆದುಕೊಂಡು ಹೋಗುತ್ತೇನೆ. ಮಕ್ಕಳ ಮಾತು ಬರುತ್ತದೆ, ಉತ್ತರ ಹೇಳುತ್ತೇನೆ, ಅವರು ನಗುತ್ತಾರೆ. ನಾನೂ ನಗುತ್ತೇನೆ, ನಕ್ಕ ಮೇಲೆ ಬಾಯಿ ಕಹಿಯಾಗುತ್ತದೆ.

ಕಳೆದ ಬೇಸಿಗೆಯಲ್ಲಿ ಶಿಕ್ಷಕರಿಗೆ ಎಐ ಬಗ್ಗೆ ತರಬೇತಿ ಇತ್ತು. ಅದರಿಂದ ನಿಜವಾಗಿ ಲಾಭ ಪಡೆದವರು ಅಂತ ನನ್ನನ್ನು ವೇದಿಕೆಗೆ ಕರೆದರು. ಫೋನಿನ ಬಗ್ಗೆ ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಚಪ್ಪಾಳೆ ಹೊಡೆದರು. ಆಮೇಲೆ ತಂಗಿಯ ಸಂಗತಿಯನ್ನೂ ಹೇಳಿದೆ, ಅವಳು ನನ್ನ ತಂಗಿ ಅನ್ನುವುದೊಂದನ್ನು ಬಿಟ್ಟು. ಸಭೆ ಹೇಗಿತ್ತೋ ನನಗೆ ಕೇಳಿಸಲಿಲ್ಲ. ಸಂಪನ್ಮೂಲ ವ್ಯಕ್ತಿಯೊಬ್ಬರು ಮೈಕು ತೆಗೆದುಕೊಂಡರು. ನನ್ನ ಪರದೆಯ ಮೇಲೆ ಬಂದದ್ದು ಇದು: "ಬಹಳ ಒಳ್ಳೆಯ ವಿಚಾರ ಎತ್ತಿದ್ದೀರಿ ಮೇಡಂ. ಪ್ರತಿ ತಂತ್ರಜ್ಞಾನಕ್ಕೂ ಎರಡು ಮುಖ ಇರುತ್ತವೆ. ಈಗ ಊಟಕ್ಕೆ ಬಿಡುವು ಕೊಡೋಣ."

ಊಟಕ್ಕೆ ಸಾಲಿನಲ್ಲಿ ನಿಂತಾಗ ಒಬ್ಬ ಟೀಚರು ಬಂದು, ನನ್ನ ಅಪ್ಪನಿಗೂ ಕಿವಿ ಕೇಳಲ್ಲ, ಆ ಆಪ್ ಯಾವುದು ಅಂತ ಕೇಳಿದರು. ಅವರ ಫೋನಿಗೂ ಹಾಕಿಕೊಟ್ಟೆ. ಮತ್ತೇನು ಮಾಡಲಿ. ಆ ಮುದುಕರು ಮಗಳ ಮಾತನ್ನು ಓದಿಕೊಳ್ಳುವುದು ತಪ್ಪೇ? ತಪ್ಪಲ್ಲ. ಅದು ತಪ್ಪಾಗಿದ್ದಿದ್ದರೆ ನನಗೆ ಸುಲಭವಾಗುತ್ತಿತ್ತು.

ಹೋದ ಭಾನುವಾರ ತಂಗಿಯನ್ನು ಕರೆದುಕೊಂಡು ಕಳಸಕ್ಕೆ ಹೋಗಿದ್ದೆ. ಮಗು ಈಗ ಎರಡನೇ ಕ್ಲಾಸು. ಅಜ್ಜಿಯ ಸೆರಗಿನ ಹಿಂದೆ ನಿಂತು ಅಮ್ಮನನ್ನು ನೋಡಿತು. ಇವಳು ತಂದಿದ್ದ ಫ್ರಾಕು ಕೊಟ್ಟಳು. ಮಗು ತೆಗೆದುಕೊಂಡಿತು, ಹತ್ತಿರ ಕೂತಿತು, ಕೇಳಿದ್ದಕ್ಕೆಲ್ಲ ಉತ್ತರ ಹೇಳಿತು, ನೆಂಟರಿಗೆ ಹೇಳುವ ಹಾಗೆ. ಅತ್ತೆ ಒಳಗೆ ಕಾಫಿಗೆ ಇಟ್ಟರು. ತಂಗಿ ಫ್ರಾಕಿನ ಅಳತೆ ನೋಡಲು ಮಗುವಿನ ಭುಜಕ್ಕೆ ಕೈಯಿಟ್ಟಳು. ಇಟ್ಟವಳು ಒಮ್ಮೆಲೇ ಕೈ ಹಿಂದಕ್ಕೆ ಎಳೆದುಕೊಂಡು ಅಂಗಳಕ್ಕೆ ಎದ್ದುಹೋದಳು. ಅವಳಿಗೆ ಆಗ ಕಣ್ಣ ಮುಂದೆ ಬಂದದ್ದು ಯಾವ ಮಗುವೋ.

ಮಗು ನನ್ನ ಹತ್ತಿರ ಸರಿದು ಕೇಳಿತು. ಅದಕ್ಕೆ ಫೋನು ಹೇಗೆಂದು ಗೊತ್ತು, ಅದರ ಮುಂದೆಯೇ ಬಾಯಿಟ್ಟು ಕೇಳಿತು: "ದೊಡ್ಡಮ್ಮ, ಅಮ್ಮನಿಗೆ ನಾನು ಅಂದ್ರೆ ಆಗಲ್ವಾ?"

"ಹಾಗಲ್ಲ ಪುಟ್ಟಿ, ಅಮ್ಮನಿಗೆ ಹುಷಾರಿಲ್ಲ."

"ಯಾವಾಗ ಹುಷಾರಾಗ್ತದೆ?"

ನಾನು ಮಗುವಿನ ತಲೆ ಸವರಿದೆ. ಗೊತ್ತಿಲ್ಲದ್ದಕ್ಕೆ ಗೊತ್ತಿಲ್ಲ ಅನ್ನಬೇಕು ಅಂತ ಶಾಲೆಯಲ್ಲಿ ಹೇಳಿಕೊಡುವವಳು ನಾನು, "ಬೇಗ" ಅಂದೆ.

ನಮ್ಮನ್ನು ಬಸ್ಸಿಗೆ ಬಿಡಲು ಅವಳ ಗಂಡ ಜೀಪಿನಲ್ಲಿ ಬಂದ. ಬಸ್ಸು ಹೊರಡುವಾಗ ಅವನು ಕಿಟಕಿಯ ಹತ್ತಿರ ಬಂದು ಒಂದು ಪೊಟ್ಟಣ ಕಿತ್ತಳೆ ಕೊಟ್ಟ. ತಂಗಿ ಅದನ್ನು ಮಡಿಲಲ್ಲಿಟ್ಟುಕೊಂಡು ಕೂತಳು. ಬಾಳೂರಿನಲ್ಲಿ ಒಬ್ಬ ಗಂಡಸು ಸಣ್ಣ ಹುಡುಗಿಯೊಬ್ಬಳನ್ನು ಎತ್ತಿಕೊಂಡು ಬಸ್ಸು ಹತ್ತಿ ನಮ್ಮ ಮುಂದೆ ಆಗಷ್ಟೇ ಖಾಲಿಯಾದ ಸೀಟಿನಲ್ಲಿ ಕೂತ. ಮಗು ಅವನ ಹೆಗಲ ಮೇಲಿಂದ ನಮ್ಮನ್ನು ನೋಡಿ ನಕ್ಕಿತು. ತಂಗಿ ಕಣ್ಣು ಮುಚ್ಚಿದಳು, ಮತ್ತೆ ತೆರೆದಳು, ಕಿಟಕಿಯ ಕಂಬಿ ಹಿಡಿದುಕೊಂಡಳು. ನಾನು ಸೀಟು ಬದಲಿಸೋಣ ಅಂದೆ. ಬಸ್ಸು ತುಂಬಿತ್ತು, ಎದ್ದರೆ ನಿಂತೇ ಹೋಗಬೇಕಾಗಿತ್ತು. ಎದ್ದೆವು. ಮೂಡಿಗೆರೆಯವರೆಗೂ ಹಿಂದಿನ ಬಾಗಿಲಿನ ಹತ್ತಿರ, ಮೂಟೆಗಳ ಮಧ್ಯೆ, ಬೆನ್ನು ತಿರುಗಿಸಿಕೊಂಡು ನಿಂತೇ ಬಂದೆವು.